ಎಂಜಿನ್ ನಿಂತಾಗ ಯಾವ ಹೊಲ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ರೈತ. ಮಗಳು ಪೈಲಟ್ ತರಬೇತಿಗೆ ಸೇರಿ ಆರು ತಿಂಗಳಾಯಿತು. ಒಂದೇ ಎಂಜಿನ್ನಿನ ಸೆಸ್ನಾ 172 ಹಾರಿಸುತ್ತಾಳೆ. ಊರಿಗೆ ಬಂದಾಗ "ಮ್ಯಾಲೆ ಎಂಜಿನ್ ನಿಂತ್ರ ಏನ್ ಮಾಡ್ತೀ?" ಅಂತ ಕೇಳಿದೆ. "ಯಾವ್ದಾದ್ರೂ ಹೊಲದಾಗ ಇಳಸ್ತೀನಪ್ಪಾ" ಅಂದಳು. ನಾನು ಮೂವತ್ತು ವರ್ಷದಿಂದ ಹೊಲ ಉಳುತ್ತಿರುವವನು. ಹೊಲ ಅಂದರೆ ಒಡ್ಡು, ಸಾಲು, ಕಲ್ಲು, ಕೆಸರು. ಪಕ್ಕದಲ್ಲೇ ಹೆದ್ದಾರಿ ಇರುವಾಗ ಹೊಲ ಯಾಕೆ? ಕೆರೆ ಆಗಲ್ವಾ? ಅಷ್ಟು ಮೇಲಿಂದ ಹೊಲ ಹೇಗಿದೆ ಅಂತ ಹೇಗೆ ಗೊತ್ತಾಗುತ್ತೆ? ನಮ್ಮದು ನಾಲ್ಕು ಎಕರೆ. ಪೂರ್ವ-ಪಶ್ಚಿಮ 270 ಮೀಟರ್ ಉದ್ದ, 60 ಮೀಟರ್ ಅಗಲ. ಮಳೆಗಾಲಕ್ಕೆ ಗೋವಿನಜೋಳ ಹಾಕುತ್ತೇವೆ. ಪೂರ್ವದ ಅಂಚಿನಲ್ಲಿ ಪಂಪ್‌ಸೆಟ್ಟಿನ ಕರೆಂಟು ಕಂಬಗಳಿವೆ. ಅಲ್ಲಿ ಇಳಿಸಬಹುದಾ?

ಉತ್ತರ: ನಿಮ್ಮ ಮಗಳು ಹೊಲ ಅಂದದ್ದು ಸರಿ. 'ಯಾವುದಾದರೂ' ಅಂದದ್ದು ಸರಿಯಲ್ಲ. ಚಿಕ್ಕ ವಿಮಾನ ಹಾರಿಸುವುದನ್ನು ನಾನು ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಕಲಿಯಲು ಬರುವ ಮಕ್ಕಳಿಗೆ ಹಾರುವುದು ಬೇಗ ಬರುತ್ತದೆ. ಹೊಲ ನೋಡುವುದು ಬೇಗ ಬರುವುದಿಲ್ಲ. ನಿಮಗೆ ಹಾರುವುದು ಗೊತ್ತಿಲ್ಲ, ಆದರೆ ಹೊಲ ಗೊತ್ತು. ಅದಕ್ಕೇ ಈ ಉತ್ತರವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಅವಳು ಮುಂದಿನ ಸಲ ಊರಿಗೆ ಬಂದಾಗ ಇಬ್ಬರೂ ಕೂತು ಓದಿ.

ಮೊದಲು ಒಂದು ಭಯ ಕಳೆಯೋಣ. ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿದ ಬೈಕ್ ಹೇಗೆ ಉರುಳುತ್ತಾ ಹೋಗುತ್ತದೋ ಹಾಗೆ ಅದು ಗಾಳಿಯಲ್ಲಿ ಜಾರುತ್ತಾ ಇಳಿಯುತ್ತದೆ. ಇದಕ್ಕೆ ಗ್ಲೈಡ್ ಅನ್ನುತ್ತೇವೆ. ಸೆಸ್ನಾ 172 ಒಂದು ಮೀಟರ್ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ 9 ಮೀಟರ್ ಮುಂದೆ ಹೋಗುತ್ತದೆ. ಅಂದರೆ 1,000 ಅಡಿ ಎತ್ತರಕ್ಕೆ ಸುಮಾರು 2.7 ಕಿಲೋಮೀಟರ್. ಆದರೆ ಇದು ಸಿಗುವುದು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ. 172ರ ಎಸ್ ಮಾದರಿಯಲ್ಲಿ ಆ ವೇಗ 68 ನಾಟ್, ಗಂಟೆಗೆ ಸುಮಾರು 126 ಕಿಲೋಮೀಟರ್. ಹಳೆಯ ಕೆಲವು ಮಾದರಿಗಳಲ್ಲಿ 65 ನಾಟ್. ಅದಕ್ಕಿಂತ ಜೋರಾಗಿ ಹೋದರೂ ದೂರ ಕಡಿಮೆಯಾಗುತ್ತದೆ, ನಿಧಾನವಾಗಿ ಹೋದರೂ ಕಡಿಮೆಯಾಗುತ್ತದೆ. ಹೀಗಾಗಿ ಎಂಜಿನ್ ನಿಂತ ಕೂಡಲೇ ಕೈ ಮಾಡಬೇಕಾದ ಮೊದಲ ಕೆಲಸ ಮೂತಿಯನ್ನು ತಗ್ಗಿಸಿ ಆ ವೇಗ ಹಿಡಿಯುವುದು. ಹೊಲ ಹುಡುಕುವುದು ಆಮೇಲೆ.

ಎಷ್ಟು ಹೊತ್ತು ಸಿಗುತ್ತದೆ? ನೆಲದಿಂದ 3,000 ಅಡಿ ಮೇಲಿದ್ದರೆ ಸುಮಾರು ನಾಲ್ಕು ನಿಮಿಷ. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ವಿಮಾನದ ಎತ್ತರಮಾಪಕ ತೋರಿಸುವುದು ಸಾಮಾನ್ಯವಾಗಿ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅನ್ನೋದನ್ನ. ಅದರಲ್ಲಿ 4,000 ಅಡಿ ಕಂಡರೆ ಹಾವೇರಿಯ ಮೇಲೆ ನಿಜವಾಗಿ ಇರುವುದು 2,100 ಅಡಿ, ಯಾಕಂದರೆ ನಿಮ್ಮೂರಿನ ನೆಲವೇ 1,900 ಅಡಿಯ ಹತ್ತಿರ ಇದೆ. ಬೆಂಗಳೂರಿನ ಮೇಲಾದರೆ ಉಳಿಯುವುದು 1,000 ಅಡಿ ಮಾತ್ರ. ಅಂದರೆ ಒಂದೂಕಾಲು ನಿಮಿಷ. ಒಂದೇ ಅಂಕಿ, ಆದರೆ ಕೈಯಲ್ಲಿರುವ ಹೊತ್ತು ಅರ್ಧಕ್ಕರ್ಧ. ಆದ್ದರಿಂದ ನಾನು ವಿದ್ಯಾರ್ಥಿಗಳಿಗೆ ಹಾರುತ್ತಿರುವಾಗಲೇ ಸುಮ್ನೆ ಕೇಳುತ್ತಿರುತ್ತೇನೆ: "ಈಗ ನಿಂತರೆ ಎಲ್ಲಿ?" ಬೆರಳು ತೋರಿಸಬೇಕು. ಐದು ನಿಮಿಷ ಬಿಟ್ಟು ಮತ್ತೆ ಕೇಳುತ್ತೇನೆ. ಕಿಟಕಿಯಾಚೆ ಹುಡುಕಲು ಶುರು ಮಾಡಿದರೆ ಆ ಹುಡುಗನೋ ಹುಡುಗಿಯೋ ಇನ್ನೂ ತಯಾರಾಗಿಲ್ಲ ಅಂತ ಅರ್ಥ. ಉತ್ತರ ಆಗಲೇ ತಲೆಯಲ್ಲಿರಬೇಕು.

ಈಗ ಆಯ್ಕೆಗೆ ಬರೋಣ. ಎಲ್ಲಕ್ಕಿಂತ ಚೆನ್ನಾಗಿರುವ ಹೊಲ ಬೇಕಿಲ್ಲ. ಖಂಡಿತವಾಗಿ ತಲುಪಬಹುದಾದ ಹೊಲ ಬೇಕು. ದೂರದಲ್ಲಿ ಒಂದು ಅದ್ಭುತ ಬಯಲು ಕಾಣುತ್ತದೆ. ಕೆಳಗೇ ಒಂದು ಸಾಧಾರಣ ಹೊಲ ಇದೆ. ಮನಸ್ಸು ಬಯಲಿನ ಕಡೆ ಎಳೆಯುತ್ತದೆ. ಹಾದಿಯಲ್ಲಿ ಎದುರು ಗಾಳಿ ಬಂದರೆ, ಲೆಕ್ಕ ಸ್ವಲ್ಪ ತಪ್ಪಿದರೆ, ಬಯಲಿನ ಈಚೆಗಿನ ಮರಗಳ ಮೇಲೆ ಹೋಗಿ ಕೂರುತ್ತೀರಿ. ಹೀಗಾಗಿ ಜಾರಿ ತಲುಪಬಹುದಾದ ದೂರದ ಅರ್ಧದೊಳಗೇ ಹುಡುಕು ಅಂತ ಹೇಳುತ್ತೇನೆ. ಉಳಿದ ಅರ್ಧ ಎತ್ತರವನ್ನು ಹೊಲದ ಮೇಲೇ ಸುತ್ತಿ ಕಳೆಯಬಹುದು. ಜಾಸ್ತಿ ಎತ್ತರ ಕಳೆಯಲು ದಾರಿ ಇದೆ. ಸಾಲದ ಎತ್ತರ ಗಳಿಸಲು ಎಂಜಿನ್ ಇಲ್ಲದೆ ದಾರಿಯೇ ಇಲ್ಲ.

ತಲುಪುತ್ತೇವೋ ಇಲ್ಲವೋ ಅಂತ ಕಣ್ಣಳತೆಯಲ್ಲೇ ತಿಳಿಯುವ ಒಂದು ಉಪಾಯವಿದೆ. ವೇಗ ಸ್ಥಿರವಾಗಿಟ್ಟು ಮುಂದಿನ ಗಾಜಿನಲ್ಲಿ ಆ ಜಾಗವನ್ನೇ ನೋಡುತ್ತಿರಬೇಕು. ಅದು ಗಾಜಿನಲ್ಲಿ ಮೇಲಕ್ಕೆ ಸರಿಯುತ್ತಿದ್ದರೆ ನಾವು ಅಲ್ಲಿಗೆ ಮುಟ್ಟುವುದಿಲ್ಲ. ಕೆಳಕ್ಕೆ ಸರಿಯುತ್ತಿದ್ದರೆ ದಾಟಿ ಹೋಗುತ್ತೇವೆ. ಅಲುಗಾಡದೆ ಒಂದೇ ಕಡೆ ನಿಂತು ದೊಡ್ಡದಾಗುತ್ತಾ ಹೋದರೆ ಅಲ್ಲಿಗೇ ಹೋಗುತ್ತಿದ್ದೇವೆ. ಜಾಗ ಮೇಲಕ್ಕೆ ಸರಿಯುತ್ತಿದೆ ಅಂತ ಕಂಡಾಗ ಮೂತಿ ಎತ್ತಿ ಇನ್ನೊಂದಿಷ್ಟು ದೂರ ಎಳೆಯೋಣ ಅನ್ನಿಸುತ್ತದೆ. ಇದೇ ಪ್ರಾಣ ತೆಗೆಯುವ ತಪ್ಪು. ಮೂತಿ ಎತ್ತಿದರೆ ವೇಗ ಬೀಳುತ್ತದೆ. ಒಂದು ಹಂತದ ಕೆಳಗೆ ರೆಕ್ಕೆ ವಿಮಾನವನ್ನು ಹೊರುವುದನ್ನೇ ನಿಲ್ಲಿಸುತ್ತದೆ. ಇದಕ್ಕೆ ಸ್ಟಾಲ್ ಅನ್ನುತ್ತೇವೆ. ಆಗ ಮಾತ್ರ ವಿಮಾನ ನಿಜವಾಗಿ ಬೀಳುತ್ತದೆ, ಒಂದು ರೆಕ್ಕೆ ಕೆಳಗಾಗಿ, ಮೂತಿ ಮುಂದಾಗಿ.

ಹೊಲದ ಒರಟುತನದ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಇಲ್ಲೇ ಇದೆ. ಒರಟು ಹೊಲದಲ್ಲಿ ನಿಧಾನವಾಗಿ, ಹಿಡಿತದಲ್ಲಿ ಇಳಿದವರು ಸಾಮಾನ್ಯವಾಗಿ ಬದುಕುತ್ತಾರೆ. ಒಳ್ಳೆಯ ಜಾಗದ ಆಸೆಗೆ ಹಿಡಿತ ಕಳೆದುಕೊಂಡವರು ಬದುಕುವುದು ಕಷ್ಟ. ಚಿಕ್ಕ ವಿಮಾನದ ಸೀಟು, ಬೆಲ್ಟುಗಳನ್ನು ಮುಂದಕ್ಕೆ 9 ಜಿ ಹೊಡೆತ, ಅಂದರೆ ಮೈತೂಕದ 9 ಪಟ್ಟು ಎಳೆತ, ತಡೆಯುವ ಹಾಗೆ ಮಾಡಿರುತ್ತಾರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ವಿಮಾನ ಒಂದೇ ಸಮನೆ ನಿಧಾನವಾಗುತ್ತಾ 3 ಮೀಟರಿನಲ್ಲಿ ನಿಂತರೂ ಹೊಡೆತ ಅಷ್ಟರೊಳಗೇ ಇರುತ್ತದೆ. ಮೂರೇ ಮೀಟರ್! ಎರಡು ಮಂಚದ ಉದ್ದಕ್ಕಿಂತ ಕಡಿಮೆ. ವೇಗ 160 ಆದರೆ 11 ಮೀಟರಿಗೂ ಜಾಸ್ತಿ ಬೇಕು. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. ಚಕ್ರ ಮುರಿಯಲಿ, ರೆಕ್ಕೆ ಒಡ್ಡಿಗೆ ಬಡಿದು ಹರಿದು ಹೋಗಲಿ. ಅವು ಮುರಿಯುವಾಗ ಹೊಡೆತವನ್ನು ತಾವು ನುಂಗಿ ಒಳಗಿರುವವರನ್ನು ಉಳಿಸುತ್ತವೆ. ಎಂಜಿನ್ ನಿಂತ ಗಳಿಗೆಯಿಂದ ವಿಮಾನ ನಮ್ಮದಲ್ಲ ಅಂತಲೇ ಅಂದುಕೊಳ್ಳಬೇಕು. ಇದನ್ನು ಹೇಳುವುದು ಸುಲಭ. ಒಂದು ಕೋಟಿಗೂ ಜಾಸ್ತಿ ಬೆಲೆಯ ವಿಮಾನ ಕೈಯಲ್ಲಿದ್ದಾಗ ಹತ್ತೊಂಬತ್ತು ವರ್ಷದ ಮಗುವಿಗೆ 'ಏನಂತಾರೋ' ಅನ್ನೋ ಭಯ ಇದ್ದೇ ಇರುತ್ತದೆ. ನೀವು ತಂದೆಯಾಗಿ ಒಂದು ಮಾತು ಹೇಳಿ. ವಿಮಾನ ಹೋದರೆ ಹೋಗಲಿ, ನೀನು ಬಾ ಅಂತ. ನನ್ನ ಬಾಯಲ್ಲಿ ನೂರು ಸಲ ಕೇಳುವುದಕ್ಕಿಂತ ನಿಮ್ಮ ಬಾಯಲ್ಲಿ ಒಂದು ಸಲ ಕೇಳಿದರೆ ಅವಳಿಗೆ ಜಾಸ್ತಿ ಧೈರ್ಯ.

ನಿಧಾನವಾಗಿ ಇಳಿಯಬೇಕು ಅಂದಮೇಲೆ ಗಾಳಿಯ ದಿಕ್ಕು ಗೊತ್ತಿರಲೇಬೇಕು. ವಿಮಾನ ಗಾಳಿಯಲ್ಲಿ 90 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತಿದೆ, 20 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದೆ ಅಂದುಕೊಳ್ಳಿ. ಗಾಳಿಗೆ ಎದುರಾಗಿ ಇಳಿದರೆ ನೆಲದ ಮೇಲಿನ ವೇಗ 70. ಗಾಳಿ ಬೆನ್ನಿಗಿದ್ದರೆ 110. ಎರಡನೆಯದರಲ್ಲಿ ಹೊಡೆತದ ಶಕ್ತಿ ಎರಡೂವರೆ ಪಟ್ಟಿಗೆ ಹತ್ತಿರ. ಮೇಲಿಂದ ಗಾಳಿ ನೋಡುವುದು ಕಷ್ಟವೇನಲ್ಲ. ಇಟ್ಟಿಗೆ ಗೂಡಿನ ಹೊಗೆ, ಕಬ್ಬಿನ ರವದಿ ಸುಡುವ ಹೊಗೆ, ಮಣ್ಣು ರಸ್ತೆಯಲ್ಲಿ ಟ್ರ್ಯಾಕ್ಟರ್ ಎಬ್ಬಿಸಿದ ಧೂಳು, ಬೆಳೆಯ ಮೇಲೆ ಓಡುವ ಅಲೆ, ಇವೆಲ್ಲ ಹೇಳುತ್ತವೆ. ಕೆರೆಯಲ್ಲಿ ಗಾಳಿ ಬರುವ ಕಡೆಯ ದಂಡೆಯ ಹತ್ತಿರ ನೀರು ನುಣ್ಣಗಿರುತ್ತದೆ, ಆಚೆ ದಂಡೆಯಲ್ಲಿ ಅಲೆ ಇರುತ್ತದೆ. ಗದಗ, ಚಿತ್ರದುರ್ಗದ ಕಡೆ ಹಾರುವವರಿಗೆ ಗಾಳಿಯಂತ್ರಗಳೇ ದಿಕ್ಸೂಚಿ. ಅವುಗಳ ರೆಕ್ಕೆಗಳು ಗಾಳಿ ಬರುವ ಕಡೆಗೇ ಮುಖ ಮಾಡಿ ನಿಂತಿರುತ್ತವೆ. ಏನೂ ಕಾಣದಿದ್ದರೆ ಕಾಲ ನೆನಪಿಸಿಕೊಂಡರೂ ಆಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ. ಚಳಿಗಾಲದಲ್ಲಿ ಪೂರ್ವದ ಕಡೆಯಿಂದ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಮೇಲಿಂದ ಹೊಲವನ್ನು ಹೇಗೆ ಓದುವುದು?

ಬಣ್ಣದಿಂದ ಶುರು ಮಾಡಬೇಕು. ತಿಳಿ ಕಂದು, ಒಣ ಹುಲ್ಲಿನ ಬಣ್ಣ ಕಂಡರೆ ಕೊಯ್ಲಾಗಿ ಕೂಳೆ ಉಳಿದ ಹೊಲ. ನೆಲ ಗಟ್ಟಿ, ಬೆಳೆ ಇಲ್ಲ. ಸಿಗುವ ಹೊಲಗಳಲ್ಲಿ ಇದೇ ಉತ್ತಮ. ಗೋಮಾಳದ ಮೇದ ಹುಲ್ಲೂ ಹೀಗೇ ಕಾಣುತ್ತದೆ, ಆದರೆ ಅಲ್ಲಿ ದನ, ಕುರಿ, ಬಂಡೆ, ಕಂಟಿ ಇರಬಹುದು. ಗಾಢ ಬಣ್ಣದ ಬರಿ ನೆಲ ಅಂದರೆ ಹೊಸದಾಗಿ ರಂಟೆ ಹೊಡೆದದ್ದು ಅಥವಾ ಹಸಿ ಇರುವುದು. ರಂಟೆ ಹೊಡೆದ ಹೊಲದಲ್ಲಿ ಇಳಿಯಲೇಬೇಕಾದರೆ ಸಾಲಿನ ಉದ್ದಕ್ಕೆ ಇಳಿಯಬೇಕು, ಅಡ್ಡಕ್ಕೆ ಬೇಡ. ಗಾಳಿ ಸ್ವಲ್ಪ ಓರೆಯಾದರೂ ಪರವಾಗಿಲ್ಲ. ಸಾಲಿಗೆ ಅಡ್ಡ ಹೋದರೆ ಮುಂದಿನ ಚಕ್ರ ಹೂತು ವಿಮಾನ ಪಲ್ಟಿ ಹೊಡೆಯುತ್ತದೆ. ಮಳೆ ಬಿದ್ದ ಎರೆ (ಕಪ್ಪು ಮಣ್ಣಿನ) ಹೊಲ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಾಲಿಗೆ ಅಂಟುವ ಆ ಮಣ್ಣು ಚಕ್ರವನ್ನೂ ಬಿಡುವುದಿಲ್ಲ. ಅದೇ ಮಳೆಯಲ್ಲಿ ಪಕ್ಕದ ಮಸಾರಿ (ಕೆಂಪು ಮಣ್ಣಿನ) ನೆಲ ಎಷ್ಟೋ ವಾಸಿ. ಕೆಂಪು, ಕಪ್ಪು ಎರಡೂ ಅಕ್ಕಪಕ್ಕ ಕಂಡರೆ ಮಳೆಗಾಲದಲ್ಲಿ ಕೆಂಪಿಗೇ ಹೋಗಬೇಕು. ಈ ಮಾತನ್ನು ನಾನು ಯಾವ ಕೈಪಿಡಿಯಲ್ಲೂ ಓದಿದ್ದಲ್ಲ. ಒಬ್ಬ ರೈತರೇ ನನಗೆ ಕಲಿಸಿದ್ದು.

ಹಸಿರು ಕಂಡರೆ ಎಷ್ಟು ಎತ್ತರದ ಹಸಿರು ಅಂತ ನೋಡಬೇಕು. ಶೇಂಗಾ, ಹೆಸರು, ಸೋಯಾ, ಕಡಲೆ ಗಿಡ್ಡ ಬೆಳೆಗಳು, ತೊಂದರೆ ಕಡಿಮೆ. ಗೋವಿನಜೋಳ, ಕಬ್ಬು ಆಳೆತ್ತರ ದಾಟಿರುತ್ತವೆ. ಅವುಗಳ ಮೇಲೆ ಇಳಿಯುವವರು ಬೆಳೆಯ ತುದಿಯನ್ನೇ ನೆಲ ಅಂದುಕೊಂಡು ಅಲ್ಲೇ ಆದಷ್ಟೂ ನಿಧಾನವಾಗಬೇಕು. ಗದ್ದೆಯಲ್ಲಿ ನೀರು ನಿಂತಿದ್ದರೆ ಮೂತಿ ಹೂತು ಮಗುಚುವ ಸಾಧ್ಯತೆ ಜಾಸ್ತಿ. ಆದರೂ ಬೆಲ್ಟ್ ಬಿಗಿಯಾಗಿದ್ದು, ವೇಗ ಕಡಿಮೆ ಇದ್ದರೆ ಮಗುಚಿದ ವಿಮಾನದಿಂದ ಎದ್ದು ಬಂದವರಿದ್ದಾರೆ.

ಇಳಿಜಾರು ಮೇಲಿಂದ ಕಾಣುವುದೇ ಇಲ್ಲ. 2,000 ಅಡಿಯಿಂದ ಎಲ್ಲ ನೆಲವೂ ಚಪಾತಿಯ ಹಾಗೆ ಸಪಾಟು. ಹಾಗಾಗಿ ಸುಳಿವು ಹುಡುಕಬೇಕು. ಹಳ್ಳ ಎಲ್ಲಿದೆಯೋ ಅದು ತಗ್ಗು. ನಮ್ಮ ಉತ್ತರ ಕರ್ನಾಟಕದ ಒಣ ಬೇಸಾಯದ ಕಡೆ ಒಡ್ಡುಗಳೇ ಇದನ್ನು ಹೇಳುತ್ತವೆ. ನೀರು ತಡೆಯಲು ಒಡ್ಡನ್ನು ಇಳಿಜಾರಿಗೆ ಅಡ್ಡವಾಗಿ ಹಾಕಿರುತ್ತೀರಿ ಅಲ್ವಾ? ಅಂದರೆ ಒಡ್ಡಿನ ಉದ್ದಕ್ಕೆ ಇಳಿದರೆ ನೆಲ ಮಟ್ಟವಾಗಿಯೂ ಇರುತ್ತದೆ, ಒಡ್ಡು ಅಡ್ಡವೂ ಬರುವುದಿಲ್ಲ. ಏರು ತಗ್ಗು ಜಾಸ್ತಿ ಇರುವ ಕಡೆ ಏರಿನ ಕಡೆಗೆ ಇಳಿಯಬೇಕು, ಗಾಳಿ ಸ್ವಲ್ಪ ಬೆನ್ನಿಗಿದ್ದರೂ ಸರಿ. ತಗ್ಗಿನ ಕಡೆಗೆ ಇಳಿದರೆ ನೆಲ ನಮ್ಮ ಕೆಳಗಿಂದ ಜಾರುತ್ತಾ ಹೋಗುತ್ತದೆ, ವಿಮಾನ ತೇಲುತ್ತಲೇ ಇರುತ್ತದೆ.

ತಂತಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ವಸ್ತು. ತಂತಿ ಕಾಣುವುದಿಲ್ಲ. ಕಂಬ ಕಾಣುತ್ತದೆ, ಅದೂ ಹತ್ತಿರ ಬಂದಮೇಲೆ. ಮೇಲಿಂದಲೇ ಊಹಿಸಬೇಕು. ರಸ್ತೆ ಇದ್ದಲ್ಲಿ ತಂತಿ ಇದೆ. ಒಂಟಿ ಮನೆ ಇದ್ದಲ್ಲಿ ತಂತಿ ಇದೆ. ಸುತ್ತ ಒಣಗಿರುವಾಗ ನಡುವೆ ಒಂದೇ ಹೊಲ ಹಸಿರಾಗಿದೆ ಅಂದರೆ ಅಲ್ಲಿ ಬೋರು ಇದೆ, ಬೋರಿಗೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಇದೆ, ಟಿ.ಸಿ.ಗೆ ಎಲ್ಲಿಂದಲೋ ಲೈನು ಬಂದಿದೆ. ಆ ಲೈನು ಯಾವ ಕಡೆಯಿಂದ ಬಂದಿದೆ ಅಂತ ನೋಡು ಅನ್ನುತ್ತೇನೆ. ಈ ಲೆಕ್ಕ ಹಳ್ಳಿಯಲ್ಲಿ ಬೆಳೆದ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ, ನಗರದ ಮಕ್ಕಳಿಗೆ ನಾನು ಬಿಡಿಸಿ ಹೇಳಬೇಕು. ನಿಮ್ಮ ಮಗಳಿಗೆ ಇದೊಂದು ದೊಡ್ಡ ಆಸ್ತಿ.

ಹೆದ್ದಾರಿ ಯಾಕೆ ಬೇಡ? ಮೇಲಿಂದ ನೋಡಿದರೆ ರನ್‌ವೇ ತರಹವೇ ಕಾಣುತ್ತದೆ, ನಿಜ. ಆದರೆ 172ರ ರೆಕ್ಕೆಯ ಅಗಲ 11 ಮೀಟರ್. ನಿಮ್ಮ ಹಾವೇರಿ ಪಕ್ಕದ ಬೆಂಗಳೂರು-ಪುಣೆ ಹೆದ್ದಾರಿಯಂಥ ಕಡೆ ಒಂದು ಬದಿಯ ಮೂರು ಲೇನು ಸೇರಿದರೂ ಹತ್ತೂವರೆ ಮೀಟರ್. ಒಂದು ರೆಕ್ಕೆ ನಡುವಿನ ಗಿಡಗಳ ಮೇಲೆ, ಇನ್ನೊಂದು ಫಲಕಗಳ ಮೇಲೆ. ರಸ್ತೆಗೆ ಅಡ್ಡವಾಗಿ ತಂತಿಗಳು ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಬೈಕಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಇರುತ್ತಾರೆ. ಎಂಜಿನ್ ಸದ್ದಿಲ್ಲದ ವಿಮಾನ ಹಿಂದಿನಿಂದ ಬಂದರೆ ಅವರಿಗೆ ಗೊತ್ತೇ ಆಗುವುದಿಲ್ಲ. ವಿಮಾನ ಹತ್ತುವಾಗ ಇಂಥ ಅಪಾಯ ಇದೆ ಅಂತ ಗೊತ್ತಿದ್ದೇ ನಾವು ಹತ್ತಿದ್ದೇವೆ. ಅವರು ಹತ್ತಿಲ್ಲ. ವಾಹನವೇ ಇಲ್ಲದ, ಕಂಬವೇ ಇಲ್ಲದ ಒಂಟಿ ರಸ್ತೆ ಸಿಕ್ಕರೆ ಬೇರೆ ಮಾತು.

ಕೆರೆ ಕೊನೆಯ ಆಯ್ಕೆ. ಚಕ್ರ ಹೊರಗೇ ಇರುವ ವಿಮಾನ ನೀರು ಮುಟ್ಟಿದಾಗ ಮುಗ್ಗರಿಸಿ ಮಗುಚಬಹುದು. ತಲೆಕೆಳಗಾಗಿ ನೀರಿನೊಳಗೆ ಬಾಗಿಲು ಹುಡುಕುವುದು ಈಜು ಬಲ್ಲವರಿಗೂ ಕಷ್ಟ. ಒಣಗಿದ ಕೆರೆಯಂಗಳ ಮಾತ್ರ ಆಸೆ ಹುಟ್ಟಿಸುತ್ತದೆ. ಅಲ್ಲಿ ಹೂಳು ತೆಗೆದ ಗುಂಡಿಗಳಿವೆಯಾ, ಬಳ್ಳಾರಿ ಜಾಲಿ ಬೆಳೆದಿದೆಯಾ ಅಂತ ನೋಡಿಕೊಳ್ಳಬೇಕು. ಮಲೆನಾಡಿನ ಮೇಲೆ ಏನೂ ಸಿಗದಿದ್ದರೆ ಮರಗಳ ಮೇಲೇ ಇಳಿಯಬೇಕಾಗುತ್ತದೆ. ಗಾಳಿಗೆ ಎದುರಾಗಿ, ಫ್ಲ್ಯಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಹಲಗೆ) ಪೂರ್ತಿ ಇಳಿಸಿ, ಆದಷ್ಟು ನಿಧಾನವಾಗಿ, ಮರದ ನೆತ್ತಿಗಳ ಮೇಲೆ ಕೂರುವ ಹಾಗೆ. ದಪ್ಪ ಕಾಂಡಕ್ಕೆ ಮೂತಿ ನೇರ ಬಡಿಯದಂತೆ ಎರಡು ಮರದ ನಡುವೆ ಹೋಗಬೇಕು. ಪೆಟ್ಟು ರೆಕ್ಕೆಗೆ ಬೀಳಲಿ.

ನನಗೂ ಒಮ್ಮೆ ಹೀಗಾಗಿದೆ. ಎಷ್ಟೋ ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತು. ಪಕ್ಕದಲ್ಲಿ ವಿದ್ಯಾರ್ಥಿ ಇದ್ದ. ರಾತ್ರಿ ಮಳೆಗೆ ಟ್ಯಾಂಕಿನ ಮುಚ್ಚಳದ ಮೂಲಕ ನೀರು ಇಳಿದಿತ್ತು. ಹೊರಡುವ ಮುಂಚೆ ಇಂಧನ ತೆಗೆದು ನೋಡಿದಾಗ ಅದು ಪೂರ್ತಿ ಬಸಿದಿರಲಿಲ್ಲ. ನೆಲದಿಂದ 2,500 ಅಡಿ ಮೇಲೆ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಎಡಗಡೆ ಕೊಯ್ದ ಜೋಳದ ಹೊಲ ನೋಡಿಟ್ಟಿದ್ದೆ. ಅದರ ಮೇಲೆ ಸುತ್ತುತ್ತಾ ಇಂಧನದ ಕೀಲಿ, ಮಿಕ್ಸ್ಚರ್ (ಇಂಧನ-ಗಾಳಿ ಬೆರಕೆಯ ಹಿಡಿ), ಕಾರ್ಬ್ ಹೀಟ್ (ಕಾರ್ಬುರೇಟರಿಗೆ ಬಿಸಿ ಗಾಳಿ ಕೊಡುವ ಹಿಡಿ), ಮ್ಯಾಗ್ನೆಟೋ (ಎಂಜಿನ್ನಿಗೆ ಕಿಡಿ ಕೊಡುವ ಭಾಗ) ಎಲ್ಲ ನೋಡಿದೆವು. ಎಂಜಿನ್ ಏಳಲಿಲ್ಲ. ರೇಡಿಯೋದಲ್ಲಿ ಮೇಡೇ, ಅಂದರೆ ಪ್ರಾಣಾಪಾಯದ ಕರೆ, ಹೇಳಿದೆವು. 600 ಅಡಿಗೆ ಬಂದಾಗ ಹೊಲದ ನಡುವೆ ಒಂದು ಒಡ್ಡು ಕಂಡಿತು. ಮೇಲಿಂದ ಅದು ಬರೀ ಬಣ್ಣದ ಗೆರೆಯ ಹಾಗೆ ಕಂಡಿತ್ತು. ಹುಡುಗ "ಸರ್, ಆ ಕಡೆ ಹೊಲಕ್ಕೆ ಹೋಗೋಣ" ಅಂದ. ಆ ಕಡೆಯದು ನಿಜಕ್ಕೂ ಚೆನ್ನಾಗಿತ್ತು. ನನ್ನ ಮೈಯೂ ಆ ಕಡೆ ವಾಲಿತು. ಆದರೆ ಅಷ್ಟು ಕೆಳಗೆ ತಿರುಗಿದರೆ ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಅದೇ ಹೊಲದಲ್ಲಿ ಉಳಿದೆವು. ಒಡ್ಡು ದಾಟಿ ಇಳಿಯಲು ಜಾಗ ಸಾಲದು ಅಂತ ಒಡ್ಡಿನ ಈಚೆಗೇ ಇಳಿದು ಬ್ರೇಕ್ ಒತ್ತಿದೆ. ಒಡ್ಡಿಗೆ ಬಡಿದಾಗ ವೇಗ ಬಹಳ ಕಡಿಮೆಯಾಗಿತ್ತು. ಮುಂದಿನ ಚಕ್ರ ಮುರಿಯಿತು, ಪ್ರೊಪೆಲ್ಲರ್ ಬಾಗಿತು. ನಾವಿಬ್ಬರೂ ಬಾಗಿಲು ತೆಗೆದುಕೊಂಡು ಇಳಿದೆವು. ಆ ಹುಡುಗ ಈಗ ದೊಡ್ಡ ವಿಮಾನದ ಕ್ಯಾಪ್ಟನ್. ಸಾವಿರ ಅಡಿಯ ಕೆಳಗೆ ಹೊಲ ಬದಲಿಸಬಾರದು, ಅದೇ ಹೊಲದೊಳಗೆ ಜಾಗ ಸರಿಸಿಕೊಳ್ಳಬಹುದು ಅಂತ ನಾನು ಪಟ್ಟು ಹಿಡಿದು ಕಲಿಸುವುದು ಆ ದಿನದಿಂದ.

ಇಳಿಯುವ ಜಾಗವನ್ನು ಹೊಲದ ಅಂಚಿಗೇ ಗುರಿಯಿಡಬಾರದು. ಮೂರನೇ ಒಂದು ಭಾಗ ಒಳಗೆ ಗುರಿಯಿಡಬೇಕು. ತಲುಪುವುದು ಖಚಿತವಾದಮೇಲೆ ಫ್ಲ್ಯಾಪ್ ಇಳಿಸಿ ಈಚೆಗೆ ತಂದುಕೊಳ್ಳಬಹುದು. ಆಚೆಯ ಬೇಲಿಗೆ 30 ಕಿಲೋಮೀಟರ್ ವೇಗದಲ್ಲಿ ಉರುಳಿ ಬಡಿಯುವುದಕ್ಕೂ ಈಚೆಯ ಮರಕ್ಕೆ 110ರಲ್ಲಿ ಹಾರುತ್ತಾ ಬಡಿಯುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಕೊನೆಯಲ್ಲಿ ಇಂಧನ ಬಂದ್, ಮ್ಯಾಗ್ನೆಟೋ ಬಂದ್. ಫ್ಲ್ಯಾಪಿಗೆ ಕರೆಂಟು ಬೇಕಾದ್ದರಿಂದ ಮಾಸ್ಟರ್ ಸ್ವಿಚ್ ಅದಾದಮೇಲೆ ಬಂದ್. ನೆಲ ಮುಟ್ಟುವ ಮುಂಚೆಯೇ ಬಾಗಿಲಿನ ಚಿಲಕ ತೆಗೆದಿರಬೇಕು. ವಿಮಾನದ ಮೈ ಮುರಿದಾಗ ಚೌಕಟ್ಟು ಬಾಗಿ ಬಾಗಿಲು ಸಿಕ್ಕಿಕೊಳ್ಳುವುದುಂಟು.

ಒಂದು ಸಂದರ್ಭದಲ್ಲಿ ಮಾತ್ರ ಇಷ್ಟೆಲ್ಲ ಆಯ್ಕೆಗೆ ಹೊತ್ತೇ ಇರುವುದಿಲ್ಲ. ಅದು ರನ್‌ವೇ ಬಿಟ್ಟು ಎದ್ದ ಕೂಡಲೇ ಎಂಜಿನ್ ನಿಂತಾಗ. ಹಿಂದೆಯೇ ರನ್‌ವೇ ಇದೆ, ತಿರುಗಿಬಿಡೋಣ ಅನ್ನಿಸುತ್ತದೆ. ತಿರುಗಬಾರದು. ಹೋದ ದಾರಿಗೆ ಮರಳಲು ಅರ್ಧ ಸುತ್ತು ಸಾಲದು, ಅದಕ್ಕಿಂತ ಜಾಸ್ತಿ ತಿರುಗಿ ಮತ್ತೆ ನೇರವಾಗಬೇಕು. ಬೇಗ ತಿರುಗಲು ವಿಮಾನವನ್ನು ವಾಲಿಸುತ್ತೇವೆ. 45 ಡಿಗ್ರಿ ವಾಲಿಸಿ ಎತ್ತರ ಹಿಡಿಯಲು ಎಳೆದರೆ ಸ್ಟಾಲ್ ಆಗುವ ವೇಗ ಶೇ. 19ರಷ್ಟು ಏರುತ್ತದೆ. 60 ಡಿಗ್ರಿಗೆ ಶೇ. 41. ವೇಗ ಕಡಿಮೆ, ಎತ್ತರ ಕಡಿಮೆ, ಅದರ ಮೇಲೆ ಇದು. ಮುಂದೆ, ಎಡಬಲಕ್ಕೆ ಒಂದು 30 ಡಿಗ್ರಿಯೊಳಗೆ ಏನು ಸಿಗುತ್ತದೋ ಅದರಲ್ಲೇ ಇಳಿಯಬೇಕು. ಬೆಂಗಳೂರಿನ ಜಕ್ಕೂರಿನಂಥ ಕಡೆ ಈಗ ಸುತ್ತಲೂ ಮನೆಗಳಾಗಿವೆ. ಅಂಥಲ್ಲಿ ಹೊರಡುವ ಮುಂಚೆ, ನೆಲದ ಮೇಲೇ, ಯಾವ ಸಂದಿನಲ್ಲಿ ಇಳಿಯುತ್ತೇವೆ ಅಂತ ಬಾಯಿಬಿಟ್ಟು ಹೇಳಿಕೊಂಡೇ ಹೊರಡಬೇಕು.

ಇದೆಲ್ಲ ಪುಸ್ತಕದ ಮಾತಲ್ಲ. 2022ರ ಜುಲೈ 25ರಂದು ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ಕಡಬನವಾಡಿಯ ಹೊಲದಲ್ಲಿ ಒಂಟಿಯಾಗಿ ಹಾರುತ್ತಿದ್ದ ತರಬೇತಿ ಪೈಲಟ್ ಒಬ್ಬರು ಚಿಕ್ಕ ಸೆಸ್ನಾ ಇಳಿಸಬೇಕಾಯಿತು. ವಿಮಾನ ನಜ್ಜುಗುಜ್ಜಾಯಿತು, ಪೈಲಟ್‌ಗೆ ಆದದ್ದು ಸಣ್ಣ ಗಾಯ. ಮರುವರ್ಷ, 2023ರ ಮೇ 30ರಂದು, ನಮ್ಮ ಬೆಳಗಾವಿಯ ಸಾಂಬ್ರಾ ನಿಲ್ದಾಣದ ಹತ್ತಿರ ಹೊನ್ನಿಹಾಳದ ಹೊಲದಲ್ಲಿ ಇನ್ನೊಂದು ತರಬೇತಿ ವಿಮಾನ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ದೊಡ್ಡ ವಿಮಾನಕ್ಕೂ ಲೆಕ್ಕ ಇದೇ. 2009ರ ಜನವರಿ 15ರಂದು ನ್ಯೂಯಾರ್ಕ್ ಮೇಲೆ ಹಕ್ಕಿಗಳು ಬಡಿದು ಎರಡೂ ಎಂಜಿನ್ ಹೋದಾಗ ಕ್ಯಾಪ್ಟನ್ ಸಲೆನ್‌ಬರ್ಗರ್ ಕೈಯಲ್ಲಿದ್ದದ್ದು ಸುಮಾರು ಮೂರೂವರೆ ನಿಮಿಷ. ಹೊರಟ ನಿಲ್ದಾಣಕ್ಕೆ ಮರಳಬಹುದು ಅಂತ ಕೆಳಗಿನ ವಿಮಾನ ಸಂಚಾರ ನಿಯಂತ್ರಕರು ಹೇಳಿದರು. ದಾರಿಯಲ್ಲಿ ಎತ್ತರ ಸಾಲದಿದ್ದರೆ ಕೆಳಗೆ ಇಡೀ ನಗರ. ಅವರು ಖಂಡಿತ ತಲುಪಬಹುದಾದ ಹಡ್ಸನ್ ನದಿಯನ್ನು ಆರಿಸಿಕೊಂಡರು. 155 ಜನರೂ ಉಳಿದರು.

ಈಗ ನಿಮ್ಮ ನಾಲ್ಕು ಎಕರೆ. 172 ಎಸ್ ಮಾದರಿಯ ಕೈಪಿಡಿಯ ಪ್ರಕಾರ, ಸಮುದ್ರ ಮಟ್ಟದಲ್ಲಿ, ಗಟ್ಟಿ ರನ್‌ವೇ ಮೇಲೆ ಚಕ್ರ ಮುಟ್ಟಿದಮೇಲೆ ನಿಲ್ಲಲು ಸುಮಾರು 175 ಮೀಟರ್ ಬೇಕು. 50 ಅಡಿ ಎತ್ತರದ ಅಡ್ಡಿಯನ್ನು ದಾಟಿ ಬರಬೇಕಾದರೆ ಒಟ್ಟು 400 ಮೀಟರ್ ದಾಟುತ್ತದೆ. ಆಗಸ್ಟ್ ತಿಂಗಳು ಅಂದುಕೊಳ್ಳಿ. ಗಾಳಿ ಪಶ್ಚಿಮದಿಂದ. ಅದಕ್ಕೆ ಎದುರಾಗಿ ಇಳಿಯಬೇಕಾದರೆ ಅವಳು ಪೂರ್ವದ ಕಡೆಯಿಂದ ಬರಬೇಕು. ಅಲ್ಲೇ ನಿಮ್ಮ ಕಂಬಗಳಿವೆ. ತಂತಿ ದಾಟಿ ಕೆಳಗಿಳಿಯುವಷ್ಟರಲ್ಲಿ ಅರ್ಧ ಹೊಲ ಹೋಗಿರುತ್ತದೆ. ಮೇಲಾಗಿ ಗೋವಿನಜೋಳ ಆಳೆತ್ತರ ನಿಂತಿರುತ್ತದೆ. ಆ ತಿಂಗಳಲ್ಲಿ ನಿಮ್ಮ ಹೊಲ ಬೇಡ. ಹತ್ತಿರದಲ್ಲಿ ಯಾರಾದರೂ ಶೇಂಗಾ ಹಾಕಿದ್ದರೆ, ಮಸಾರಿ ನೆಲವಾಗಿದ್ದರೆ, ಅಲ್ಲಿಗೆ ಹೋಗಲಿ.

ಡಿಸೆಂಬರಿನಲ್ಲಿ ಚಿತ್ರ ಬದಲಾಗುತ್ತದೆ. ಗೋವಿನಜೋಳ ಮುರಿದು ಬರೀ ಕೂಳೆ ಇರುತ್ತದೆ, ನೆಲ ಒಣಗಿರುತ್ತದೆ. ಗಾಳಿ ಪೂರ್ವದಿಂದ ಬೀಸುತ್ತಿದ್ದರೆ ಪಶ್ಚಿಮದ ಅಂಚಿನಿಂದ ಒಳಗೆ ಬರಬಹುದು. ಆ ಅಂಚಿನಲ್ಲಿ ಮರ ಇಲ್ಲದಿದ್ದರೆ 270 ಮೀಟರಿನ ಬಹುಪಾಲು ಕೈಗೆ ಸಿಗುತ್ತದೆ. ಮೆತ್ತನೆ ಮಣ್ಣು, ಎದುರು ಗಾಳಿ ಎರಡೂ ವಿಮಾನವನ್ನು ಬೇಗ ನಿಲ್ಲಿಸುತ್ತವೆ. ಆಗ ನಿಮ್ಮ ಹೊಲದಲ್ಲಿ ಇಳಿಸಬಹುದು. ಆ ಅಂಚಿನಲ್ಲಿ ಬೇವು, ತೆಂಗು ಏನಾದರೂ ಇದೆಯಾ ಅಂತ ನೀವು ಬರೆದಿಲ್ಲ, ಅದನ್ನೊಮ್ಮೆ ಅವಳ ಜೊತೆ ನಡೆದು ನೋಡಿ. ಮೇವಿನ ಬಣವೆಯನ್ನು ಹೊಲದ ನಡುವೆ ಒಟ್ಟುವ ಪದ್ಧತಿ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ವಿಷಯ ನಿಮ್ಮೂರಿನವರಿಗೂ ಹೇಳಿಡಿ. ಯಾವತ್ತಾದರೂ ಯಾರದಾದರೂ ವಿಮಾನ ನಿಮ್ಮ ಸೀಮೆಯ ಹೊಲದಲ್ಲಿ ಇಳಿದರೆ ಜನ ಓಡಿ ಬರುತ್ತಾರೆ, ಅದು ಒಳ್ಳೆಯದೇ. ಆದರೆ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಇಂಧನ ಇರುವುದು ರೆಕ್ಕೆಯೊಳಗೆ, ರೆಕ್ಕೆ ಸೀಳಿದ್ದರೆ ಅದು ಸೋರುತ್ತಿರುತ್ತದೆ. ಮುಂದಿನ ಪ್ರೊಪೆಲ್ಲರ್ ಮುಟ್ಟಬೇಡಿ, ನಿಂತಿದ್ದರೂ ಮುಟ್ಟಬೇಡಿ. ತಂತಿ ಹರಿದು ಬಿದ್ದಿದ್ದರೆ ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸುವವರೆಗೆ ದೂರ ನಿಲ್ಲಿ. ಹೊಗೆ ಇಲ್ಲ, ಬೆಂಕಿ ಇಲ್ಲ, ಒಳಗಿನವರು ಅಲುಗಾಡಲಾಗದೆ ಕೂತಿದ್ದಾರೆ ಅಂದರೆ ಎಳೆದು ತೆಗೆಯಬೇಡಿ, ಕುತ್ತಿಗೆ ಆಡಿಸದೆ ಮಾತಾಡಿಸುತ್ತಿರಿ. ಬೆಂಕಿ ಕಂಡರೆ ಮಾತ್ರ ತಡ ಮಾಡದೆ ಬೆಲ್ಟ್ ಬಿಚ್ಚಿ ಹೊರಗೆ ತನ್ನಿ. ಒಬ್ಬರು 112ಕ್ಕೆ ಫೋನ್ ಮಾಡಿ ಊರಿನ ಹೆಸರು, ಹೊಲಕ್ಕೆ ಬರುವ ದಾರಿ ಹೇಳಲಿ. ಇನ್ನೊಬ್ಬರು ರಸ್ತೆಯ ತಿರುವಿನಲ್ಲಿ ನಿಂತು ಆಂಬುಲೆನ್ಸಿಗೆ ಕೈ ತೋರಿಸಲಿ.